ಕ್ಯಾಲೆಂಡರಿನಿಂದ ಮಾಯವಾದ ಹತ್ತು ದಿನಗಳು: ಸೀಸರನಿಂದ ಫ್ರೆಂಚ್ ಕ್ರಾಂತಿಯವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಇತಿಹಾಸ ಓದುವವರು ಒಂದಲ್ಲ ಒಂದು ದಿನ ತಾರೀಖಿನ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ಒಂದೇ ಘಟನೆಗೆ ಒಂದು ಪುಸ್ತಕ ಒಂದು ದಿನವನ್ನು ಕೊಟ್ಟರೆ ಇನ್ನೊಂದು ಪುಸ್ತಕ ಹತ್ತು ದಿನ ಮುಂದಿನದನ್ನು ಕೊಡುತ್ತದೆ. ಕೆಲವೊಮ್ಮೆ ಇಸವಿಯೇ ಬೇರೆಯಾಗಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಇದು ಅಚ್ಚಿನ ದೋಷವಲ್ಲ. ಇಂದು ತಾರೀಖು ಎಷ್ಟು ಎಂದು ಸಾರುವ ಅಧಿಕಾರ ಪುರೋಹಿತನದೋ, ಚಕ್ರವರ್ತಿಯದೋ, ಪೋಪರದೋ, ಸಂಸತ್ತಿನದೋ ಎಂಬ ಜಗಳದ ಗುರುತು ಅದು. ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕಾಲಾನುಕ್ರಮದಲ್ಲಿ ಉತ್ತರಿಸಲಾಗಿದೆ.

ಜೂಲಿಯಸ್ ಸೀಸರನಿಗೆ ಕ್ಯಾಲೆಂಡರ್ ತಿದ್ದುವ ಅಗತ್ಯ ಏಕೆ ಬಂತು?

ಸೀಸರನಿಗಿಂತ ಮುಂಚಿನ ರೋಮನ್ ವರ್ಷಕ್ಕೆ 355 ದಿನಗಳಿದ್ದವು. ಸೂರ್ಯನ ವರ್ಷಕ್ಕಿಂತ ಇದು ಹತ್ತು ದಿನ ಕಡಿಮೆಯಾದ್ದರಿಂದ, ನಮ್ಮ ಪಂಚಾಂಗದ ಅಧಿಕ ಮಾಸದಂತೆ ಆಗಾಗ ಒಂದು ಹೆಚ್ಚುವರಿ ತಿಂಗಳನ್ನು ಫೆಬ್ರುವರಿಯ ಕೊನೆಯ ಭಾಗದಲ್ಲಿ ಸೇರಿಸುತ್ತಿದ್ದರು. ನಮ್ಮಲ್ಲಿ ಅಧಿಕ ಮಾಸ ಯಾವಾಗ ಬರಬೇಕೆಂಬುದನ್ನು ಗಣಿತ ನಿರ್ಧರಿಸುತ್ತದೆ. ರೋಮಿನಲ್ಲಿ ಅದು ಪುರೋಹಿತ ಮಂಡಳಿಯ ಕೈಯಲ್ಲಿತ್ತು. ಪುರೋಹಿತರು ಅಲ್ಲಿ ರಾಜಕಾರಣಿಗಳೂ ಆಗಿದ್ದರು. ತಮ್ಮವರು ಅಧಿಕಾರದಲ್ಲಿದ್ದರೆ ತಿಂಗಳು ಸೇರಿಸಿ ವರ್ಷವನ್ನು ಹಿಗ್ಗಿಸುವುದು, ಎದುರಾಳಿಗಳಿದ್ದರೆ ಸುಮ್ಮನಿದ್ದುಬಿಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಅಂತರ್ಯುದ್ಧದ ವರ್ಷಗಳಲ್ಲಿ ಈ ಕೆಲಸವೂ ನಿಂತುಹೋಗಿ, ಸುಗ್ಗಿಯ ಹಬ್ಬ ಸುಗ್ಗಿಯಲ್ಲಿ ಬರದಂತಾಯಿತು.

ಕ್ರಿ.ಪೂ. 63ರಿಂದ ಸೀಸರನೇ ಆ ಮಂಡಳಿಯ ಮುಖ್ಯಸ್ಥನಾಗಿದ್ದನು. ಅಲೆಕ್ಸಾಂಡ್ರಿಯಾದ ಸೊಸಿಜಿನೀಸ್ ಎಂಬ ಖಗೋಳಜ್ಞನ ಸಲಹೆಯಂತೆ ಅವನು ಕ್ರಿ.ಪೂ. 46ಕ್ಕೆ ವಾಡಿಕೆಯ ಹೆಚ್ಚುವರಿ ತಿಂಗಳ 23 ದಿನಗಳನ್ನೂ, ಅದರ ಮೇಲೆ ಇನ್ನೂ 67 ದಿನಗಳನ್ನೂ ಸೇರಿಸಿದನು. ಹೀಗೆ ಆ ಒಂದು ವರ್ಷ 445 ದಿನ ನಡೆಯಿತು. ಮುಂದಿನ ಜನವರಿ 1ರಿಂದ 365 ದಿನಗಳ ವರ್ಷ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನದ ಹೆಚ್ಚಳ ಎಂಬ ಜೂಲಿಯನ್ ಕ್ರಮ ಜಾರಿಗೆ ಬಂತು.

ಸೀಸರನ ಕ್ರಮ ಮೊದಲಿನಿಂದಲೂ ಸರಿಯಾಗಿ ನಡೆಯಿತೇ?

ಇಲ್ಲ. ಕ್ರಿ.ಪೂ. 44ರ ಮಾರ್ಚ್‌ನಲ್ಲಿ ಅವನ ಕೊಲೆಯಾದ ಮೇಲೆ ಪುರೋಹಿತರು ‘ನಾಲ್ಕನೆಯ ವರ್ಷಕ್ಕೊಮ್ಮೆ’ ಎಂಬುದನ್ನು ಮೂರು ವರ್ಷಕ್ಕೊಮ್ಮೆ ಎಂದು ಅರ್ಥಮಾಡಿಕೊಂಡರು. ರೋಮನ್ನರು ಎಣಿಸುವಾಗ ಆರಂಭದ ವರ್ಷವನ್ನೂ ಸೇರಿಸಿ ಎಣಿಸುತ್ತಿದ್ದುದರಿಂದ ಆದ ಎಡವಟ್ಟು ಇದು. 36 ವರ್ಷಗಳಲ್ಲಿ ಒಂಬತ್ತು ಅಧಿಕ ವರ್ಷಗಳ ಬದಲು ಹನ್ನೆರಡು ಬಂದವು. ಕೊನೆಗೆ ಅಗಸ್ಟಸ್ ಚಕ್ರವರ್ತಿ ಕೆಲವು ಅಧಿಕ ವರ್ಷಗಳನ್ನು ಕೈಬಿಡಿಸಿ ಲೆಕ್ಕವನ್ನು ಸರಿದಾರಿಗೆ ತಂದನು.

ಸೆಪ್ಟೆಂಬರ್ ಎಂದರೆ ಏಳನೆಯದು. ಅದು ಒಂಬತ್ತನೆಯ ತಿಂಗಳಾದದ್ದು ಹೇಗೆ?

ಹಳೆಯ ರೋಮನ್ ವರ್ಷ ಮಾರ್ಚ್‌ನಿಂದ ಆರಂಭವಾಗುತ್ತಿತ್ತು. ಕ್ರಿ.ಪೂ. 153ರಿಂದ ರೋಮಿನ ಮುಖ್ಯ ಅಧಿಕಾರಿಗಳಾದ ಕಾನ್ಸಲರು ಜನವರಿ 1ರಂದು ಅಧಿಕಾರ ವಹಿಸಿಕೊಳ್ಳತೊಡಗಿದರು. ವರ್ಷದ ತಲೆ ಹಿಂದಕ್ಕೆ ಸರಿಯಿತು, ಹೆಸರುಗಳು ಇದ್ದಂತೆಯೇ ಉಳಿದವು.

ಕ್ರಿಸ್ತಶಕದ ಎಣಿಕೆ ಕ್ರಿಸ್ತನ ಕಾಲದಿಂದಲೇ ಇತ್ತೇ?

ಇರಲಿಲ್ಲ. ರೋಮಿನಲ್ಲಿದ್ದ ಡಯೊನಿಸಿಯಸ್ ಎಕ್ಸಿಗುಯಸ್ ಎಂಬ ಸನ್ಯಾಸಿ 525ರಲ್ಲಿ ಈಸ್ಟರ್ ಹಬ್ಬದ ಕೋಷ್ಟಕ ಸಿದ್ಧಪಡಿಸುವಾಗ, ಕ್ರೈಸ್ತರನ್ನು ಹಿಂಸಿಸಿದ ಡಯೊಕ್ಲೀಷಿಯನ್ ಚಕ್ರವರ್ತಿಯ ಶಕೆಯನ್ನು ಮುಂದುವರಿಸಲು ಇಷ್ಟಪಡದೆ ಈ ಎಣಿಕೆಯನ್ನು ತಂದನು. ಇಂಗ್ಲೆಂಡಿನ ಬೀಡ್ ಎಂಬ ವಿದ್ವಾಂಸ 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ಇದನ್ನು ಬಳಸಿದ ಮೇಲೆ ಅದು ಹರಡಿತು. ಈ ಎಣಿಕೆಯಲ್ಲಿ ಸೊನ್ನೆಯ ವರ್ಷವಿಲ್ಲ: ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1.

ಹನ್ನೊಂದು ನಿಮಿಷದ ವ್ಯತ್ಯಾಸಕ್ಕೆ ಚರ್ಚ್ ಅಷ್ಟು ತಲೆಕೆಡಿಸಿಕೊಂಡದ್ದೇಕೆ?

ಸೀಸರನ ವರ್ಷ ನಿಜವಾದ ಸೌರ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆದರೆ 128 ವರ್ಷಗಳಲ್ಲಿ ಅದು ಒಂದಿಡೀ ದಿನವಾಗಿ ಕೂಡುತ್ತದೆ. ರೈತನಿಗೆ, ವ್ಯಾಪಾರಿಗೆ ಇದರಿಂದ ತೊಂದರೆಯಿರಲಿಲ್ಲ. ತೊಂದರೆಯಾದದ್ದು ಈಸ್ಟರ್ ಹಬ್ಬಕ್ಕೆ. ಕ್ರಿಸ್ಮಸ್ಸಿನಂತೆ ಈಸ್ಟರ್‌ಗೆ ಗೊತ್ತಾದ ತಾರೀಖಿಲ್ಲ. ವಸಂತ ವಿಷುವದ, ಅಂದರೆ ಹಗಲು ರಾತ್ರಿ ಸಮನಾಗುವ ದಿನದ, ನಂತರದ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಭಾನುವಾರ ಹಬ್ಬ ಆಚರಿಸಬೇಕು. ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ಕರೆಸಿದ ನೈಸೀಯಾದ ಮಹಾಸಭೆ ಎಲ್ಲ ಕ್ರೈಸ್ತರೂ ಒಂದೇ ದಿನ ಹಬ್ಬ ಮಾಡಬೇಕೆಂದು ನಿರ್ಧರಿಸಿತು; ಮುಂದೆ ಲೆಕ್ಕದ ಅನುಕೂಲಕ್ಕಾಗಿ ವಿಷುವವೆಂದರೆ ಮಾರ್ಚ್ 21 ಎಂದು ಗಟ್ಟಿಮಾಡಿಕೊಂಡರು.

ಕಾಗದದ ಮೇಲಿನ ವಿಷುವ ಮಾರ್ಚ್ 21ರಲ್ಲೇ ನಿಂತಿತು. ಆಕಾಶದ ವಿಷುವ ಹಿಂದೆ ಸರಿಯುತ್ತ ಹದಿನಾರನೆಯ ಶತಮಾನದ ಹೊತ್ತಿಗೆ ಮಾರ್ಚ್ 11ಕ್ಕೆ ಬಂದಿತ್ತು. ಅಂದರೆ ಕೆಲವು ವರ್ಷ ಇಡೀ ಕ್ರೈಸ್ತ ಜಗತ್ತು ತಪ್ಪು ಹುಣ್ಣಿಮೆಯನ್ನು ಹಿಡಿದು ಉಪವಾಸ ಮಾಡುತ್ತಿತ್ತು, ತಪ್ಪು ಭಾನುವಾರ ಹಬ್ಬ ಮಾಡುತ್ತಿತ್ತು. ಇದು ಯಾರಿಗೂ ತಿಳಿದಿರಲಿಲ್ಲವೆಂದಲ್ಲ. 1267ರ ಸುಮಾರಿಗೇ ಇಂಗ್ಲೆಂಡಿನ ವಿದ್ವಾಂಸ ರೋಜರ್ ಬೇಕನ್ ಪೋಪ್ ನಾಲ್ಕನೆಯ ಕ್ಲೆಮೆಂಟರಿಗೆ ಈ ದೋಷದ ಬಗ್ಗೆ ಖಾರವಾಗಿಯೇ ಬರೆದಿದ್ದನು. ತಿದ್ದುವುದಕ್ಕೆ ಇನ್ನೂ ಮುನ್ನೂರು ವರ್ಷ ಹಿಡಿಯಿತು.

1582ರ ತಿದ್ದುಪಡಿಯನ್ನು ಮಾಡಿದವರು ಪೋಪ್ ಗ್ರೆಗರಿಯವರೇ?

ಅವರ ಹೆಸರು ಆಜ್ಞಾಪತ್ರದ ಮೇಲಿದೆ, ಗಣಿತ ಅವರದಲ್ಲ. ದಕ್ಷಿಣ ಇಟಲಿಯ ಕಲಾಬ್ರಿಯಾದ ವೈದ್ಯ ಲುಯಿಜಿ ಲಿಲಿಯೊ ಈ ಯೋಜನೆಯನ್ನು ರೂಪಿಸಿದನು. ಅವನು 1576ರಲ್ಲಿ ತೀರಿಕೊಂಡದ್ದರಿಂದ ತಮ್ಮ ಆಂಟೋನಿಯೊ ಹಸ್ತಪ್ರತಿಯನ್ನು ರೋಮಿಗೆ ತಲುಪಿಸಿದನು. ಅದನ್ನು ಪರಿಶೀಲಿಸಿದ ಸಮಿತಿಯಲ್ಲಿ ಬಾಂಬೆರ್ಗಿನ ಜೆಸ್ವಿತ್ ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ಇದ್ದನು. ಮುಂದಿನ ವರ್ಷಗಳಲ್ಲಿ ಬಂದ ಟೀಕೆಗಳಿಗೆಲ್ಲ ಉತ್ತರ ಬರೆದವನೂ ಅವನೇ.

ಲಿಲಿಯೊ ಸೂಚಿಸಿದ ನಿಯಮ ಸರಳವಾದದ್ದು. ನಾಲ್ಕರಿಂದ ಭಾಗವಾಗುವ ವರ್ಷ ಅಧಿಕ ವರ್ಷ; ಆದರೆ ಶತಮಾನದ ವರ್ಷವಾದರೆ ಅದು 400ರಿಂದ ಭಾಗವಾಗಬೇಕು. ಹೀಗಾಗಿ 1600 ಮತ್ತು 2000 ಅಧಿಕ ವರ್ಷಗಳು. 1700, 1800, 1900 ಅಲ್ಲ. ನಾನೂರು ವರ್ಷಗಳಲ್ಲಿ ಮೂರು ದಿನ ಕೈಬಿಟ್ಟರೆ, ಸುಮಾರು ಮೂರು ಸಾವಿರ ವರ್ಷಗಳವರೆಗೆ ಒಂದು ದಿನದ ವ್ಯತ್ಯಾಸವೂ ಬರುವುದಿಲ್ಲ. ಶಾಲೆಯಲ್ಲಿ ಇಷ್ಟನ್ನು ಮಾತ್ರ ಹೇಳಿಕೊಡುತ್ತಾರೆ. ಲಿಲಿಯೊ ಹೆಚ್ಚು ಶ್ರಮಪಟ್ಟದ್ದು ಚಂದ್ರನ ಲೆಕ್ಕಕ್ಕೆ: ಕೋಷ್ಟಕದ ಹುಣ್ಣಿಮೆಯೂ ಆಕಾಶದ ಹುಣ್ಣಿಮೆಯೂ ದಿನಗಟ್ಟಲೆ ಬೇರೆಯಾಗಿದ್ದವು, ಅದನ್ನು ಸರಿಪಡಿಸದೆ ಈಸ್ಟರ್ ಸರಿಯಾಗುತ್ತಿರಲಿಲ್ಲ.

ವಿಷುವ ಸರಿದುಹೋದದ್ದನ್ನು ಕಣ್ಣಾರೆ ಕಾಣಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ವ್ಯಾಟಿಕನ್ನಿನ ‘ಗಾಳಿಗಳ ಗೋಪುರ’ದಲ್ಲಿ ಇನ್ಯಾಸಿಯೊ ದಾಂತಿ ಎಂಬ ಡೊಮಿನಿಕನ್ ಪಾದ್ರಿ ಗೋಡೆಯಲ್ಲಿ ಒಂದು ಚಿಕ್ಕ ರಂಧ್ರ ಬಿಟ್ಟು, ನೆಲದ ಮೇಲೆ ಉತ್ತರ ದಕ್ಷಿಣವಾಗಿ ಗೆರೆ ಹಾಕಿಸಿದ್ದನು. ನಡುಮಧ್ಯಾಹ್ನ ರಂಧ್ರದಿಂದ ಬಿದ್ದ ಬಿಸಿಲಿನ ಬಿಲ್ಲೆ ಗೆರೆಯನ್ನು ದಾಟುವ ಜಾಗ ದಿನದಿನಕ್ಕೂ ಬದಲಾಗುತ್ತದೆ. ವಿಷುವದ ಜಾಗವನ್ನು ಅದು ಮುಟ್ಟುತ್ತಿದ್ದುದು ಮಾರ್ಚ್ 21ಕ್ಕೆ ಹತ್ತು ದಿನ ಮುಂಚೆಯೇ. ಇಂಥದೇ ಗೆರೆಯನ್ನು ಬೊಲೋನ್ಯಾದ ಸಾನ್ ಪೆತ್ರೋನಿಯೊ ಚರ್ಚಿನಲ್ಲಿ ಈಗಲೂ ನೋಡಬಹುದು. 1655ರಲ್ಲಿ ಖಗೋಳಜ್ಞ ಕಸ್ಸಿನಿ ಹಾಕಿಸಿದ ಅದರ ಉದ್ದ ಸುಮಾರು 67 ಮೀಟರ್, ಬಿಸಿಲು ಇಳಿಯುವ ರಂಧ್ರ 27 ಮೀಟರ್ ಎತ್ತರದಲ್ಲಿದೆ. ಚರ್ಚ್ ಮತ್ತು ಖಗೋಳ ವಿಜ್ಞಾನ ಎಂದೊಡನೆ ಗೆಲಿಲಿಯೊನ ವಿಚಾರಣೆಯೊಂದನ್ನೇ ನೆನೆಯುವವರು ಈ ಗೆರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೀಸರನಿಂದ ಅಷ್ಟು ಹೊತ್ತಿಗೆ ಹದಿಮೂರು ದಿನ ತಪ್ಪಿರಬೇಕಲ್ಲವೇ? ಹತ್ತನ್ನೇ ಏಕೆ ತೆಗೆದರು?

ಕ್ರಿ.ಪೂ. 45ರಿಂದ ಎಣಿಸಿದರೆ ಹದಿಮೂರರ ಹತ್ತಿರ ಬರುತ್ತದೆ, ನಿಜ. ಆದರೆ ಪೋಪರಿಗೆ ಬೇಕಾಗಿದ್ದುದು ಸೀಸರನ ಆಕಾಶವಲ್ಲ, ನೈಸೀಯಾದ ಆಕಾಶ. 325ರಿಂದ 1582ರವರೆಗಿನ 1257 ವರ್ಷಗಳನ್ನು 128ರಿಂದ ಭಾಗಿಸಿದರೆ ಹತ್ತಕ್ಕೆ ತುಸು ಕಡಿಮೆ. ಎಲ್ಲಿಂದ ಎಣಿಸಬೇಕೆಂಬುದನ್ನು ಇಲ್ಲಿ ಧರ್ಮ ತೀರ್ಮಾನಿಸಿತು.

ಆ ಹತ್ತು ದಿನಗಳಲ್ಲಿ ಏನಾಯಿತು?

ಆ ದಿನಗಳೇ ಇರಲಿಲ್ಲ. ಆಜ್ಞಾಪತ್ರ ಹೊರಟದ್ದು 1582ರ ಫೆಬ್ರುವರಿ 24ರಂದು. ಅದರಂತೆ ಅಕ್ಟೋಬರ್ 4ರ ಗುರುವಾರ ರಾತ್ರಿ ಮಲಗಿದವರು ಅಕ್ಟೋಬರ್ 15ರ ಶುಕ್ರವಾರ ಎದ್ದರು. ವಾರದ ಸರಣಿಗೆ ಯಾರೂ ಕೈಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಮುಖ್ಯವಾದ ಹಬ್ಬಗಳು ಕಡಿಮೆಯಿದ್ದ ಕಾರಣಕ್ಕೆ ಅಕ್ಟೋಬರನ್ನು ಆರಿಸಿಕೊಂಡರು. ಸಾಲ ಬಾಡಿಗೆಗಳ ವಿಷಯದಲ್ಲಿ ಯಾರಿಗೂ ಅನ್ಯಾಯವಾಗದಂತೆ ಗಡುವಿಗೆ ಹತ್ತು ದಿನ ಸೇರಿಸಿ ಲೆಕ್ಕ ಹಾಕಬೇಕೆಂದು ಆಜ್ಞಾಪತ್ರವೇ ನ್ಯಾಯಾಧೀಶರಿಗೆ ಹೇಳಿತ್ತು.

ಸ್ಪೇನಿನ ಅವಿಲಾದ ಸಂತ ತೆರೇಸಾ ತೀರಿಕೊಂಡದ್ದು ಆ ಅಕ್ಟೋಬರ್ 4ರ ರಾತ್ರಿ. ಮಾರನೆಯ ದಿನ ಅವರನ್ನು ಸಮಾಧಿ ಮಾಡಿದಾಗ ತಾರೀಖು 15. ಅವರ ಹಬ್ಬ ಈಗಲೂ ಅಕ್ಟೋಬರ್ 15ರಂದೇ ನಡೆಯುತ್ತದೆ.

ಲೆಕ್ಕ ಸರಿಯಿದ್ದರೂ ಪ್ರಾಟೆಸ್ಟೆಂಟರು ವಿರೋಧಿಸಿದ್ದೇಕೆ?

ಸ್ಪೇನ್, ಪೋರ್ಚುಗಲ್, ಪೋಲೆಂಡ್ ಮತ್ತು ಇಟಲಿಯ ಬಹುಪಾಲು ರಾಜ್ಯಗಳು ಗೊತ್ತಾದ ದಿನವೇ ಹೊಸ ಲೆಕ್ಕಕ್ಕೆ ಬಂದವು. ಫ್ರಾನ್ಸ್ ಅದೇ ಡಿಸೆಂಬರಿನಲ್ಲಿ 9ರಿಂದ 20ಕ್ಕೆ ಹಾರಿತು. ಆದರೆ ಲೂಥರನ ಬಂಡಾಯವಾಗಿ ಆಗಲೇ ಅರವತ್ತು ವರ್ಷ ದಾಟಿತ್ತು. ಆಜ್ಞೆ ಹೊರಡಿಸುವ ಅಧಿಕಾರವೇ ಪೋಪರಿಗಿಲ್ಲ ಎಂದು ನಂಬಿದವರಿಗೆ, ಆಜ್ಞೆಯ ಗಣಿತ ಸರಿಯೋ ತಪ್ಪೋ ಎಂಬುದು ಎರಡನೆಯ ಮಾತಾಗಿತ್ತು. ಹತ್ತು ದಿನ ಒಪ್ಪಿಕೊಂಡರೆ ನಾಳೆ ಇನ್ನೇನನ್ನು ಒಪ್ಪಬೇಕಾದೀತೋ ಎಂಬ ಭಯವೂ ಇತ್ತು, ಅದು ಸುಳ್ಳು ಭಯವೆಂದು ತಳ್ಳಿಹಾಕುವಂತೆಯೂ ಇರಲಿಲ್ಲ.

ಜರ್ಮನಿಯ ಔಗ್ಸ್‌ಬುರ್ಗ್ ನಗರವನ್ನು ನೋಡಿ. ಜನರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು, ನಗರ ಸಭೆಯಲ್ಲಿ ಕ್ಯಾಥೊಲಿಕರ ಮೇಲುಗೈ. ಸುತ್ತಲಿನ ಬವೇರಿಯಾ ಹೊಸ ತಾರೀಖಿಗೆ ಹೋದ ಮೇಲೆ ಸಂತೆ ವ್ಯಾಪಾರ ಹೊಂದುವುದಿಲ್ಲವೆಂದು ಸಭೆ 1583ರಲ್ಲಿ ಹೊಸ ಕ್ಯಾಲೆಂಡರನ್ನು ಜಾರಿಗೊಳಿಸಿತು. ವಿರೋಧದ ಮುಂದಾಳಾಗಿದ್ದ ಪಾದ್ರಿಯನ್ನು 1584ರ ಜೂನ್‌ನಲ್ಲಿ ಊರಿನಿಂದ ಹೊರಹಾಕಲು ಹೊರಟಾಗ ಜನ ಆಯುಧ ಹಿಡಿದು ಬೀದಿಗಿಳಿದರು. ಎರಡು ಪಂಗಡಗಳಿರುವ ಊರಿನಲ್ಲಿ ಈ ಜಗಳ ಹೇಗಿದ್ದೀತು ಎಂದು ಊಹಿಸಿಕೊಳ್ಳುವುದು ಕಷ್ಟವಲ್ಲ: ಒಂದು ಬೀದಿಯಲ್ಲಿ ಕ್ರಿಸ್ಮಸ್ ಮುಗಿದು ಅಂಗಡಿ ತೆರೆದಿರುತ್ತದೆ, ಪಕ್ಕದ ಬೀದಿಯಲ್ಲಿ ಹಬ್ಬಕ್ಕೆ ಇನ್ನೂ ಹತ್ತು ದಿನ ಇರುತ್ತದೆ.

ಜರ್ಮನಿಯ ಪ್ರಾಟೆಸ್ಟೆಂಟ್ ರಾಜ್ಯಗಳು 1700ರಲ್ಲಿ ಫೆಬ್ರುವರಿ 18ರ ಮರುದಿನವನ್ನು ಮಾರ್ಚ್ 1 ಎಂದು ಎಣಿಸಿ ಹೊಸ ತಾರೀಖಿಗೆ ಬಂದವು. ಬಂದರೂ ಪೋಪರ ಹೆಸರನ್ನು ಹೇಳಲಿಲ್ಲ; ಅದನ್ನು ‘ಸುಧಾರಿತ ಕ್ಯಾಲೆಂಡರ್’ ಎಂದು ಕರೆದು, ಈಸ್ಟರ್ ದಿನವನ್ನು ಮಾತ್ರ ಕ್ಲಾವಿಯಸ್ಸನ ಕೋಷ್ಟಕ ಬಿಟ್ಟು ನೇರ ಖಗೋಳ ಗಣಿತದಿಂದ ತೆಗೆದರು. ಇದರಿಂದ 1724 ಮತ್ತು 1744ರಲ್ಲಿ ಎರಡು ಪಂಗಡಗಳ ಈಸ್ಟರ್ ಬೇರೆ ಬೇರೆ ದಿನ ಬಂತು. ಸ್ವೀಡನ್ನಿನ ಕಥೆ ಇನ್ನೂ ವಿಚಿತ್ರ. ನಲವತ್ತು ವರ್ಷ ಅಧಿಕ ದಿನಗಳನ್ನು ಬಿಡುತ್ತ ಮೆಲ್ಲಗೆ ಹೊಸ ಲೆಕ್ಕಕ್ಕೆ ಸರಿಯೋಣವೆಂದು ಅವರು 1700ರ ಅಧಿಕ ದಿನವನ್ನು ಬಿಟ್ಟರು, ಯುದ್ಧದ ಗಲಾಟೆಯಲ್ಲಿ 1704 ಮತ್ತು 1708ರಲ್ಲಿ ಬಿಡಲು ಮರೆತರು, ಹಳೆಯದಕ್ಕೂ ಹೊಸದಕ್ಕೂ ಸೇರದೆ ಒಂಟಿಯಾಗಿ ನಿಂತರು. ಸಾಕಾಗಿ ಹಳೆಯ ಲೆಕ್ಕಕ್ಕೇ ಮರಳಲು 1712ರಲ್ಲಿ ಫೆಬ್ರುವರಿಗೆ ಎರಡು ದಿನ ಸೇರಿಸಿದರು. ಆ ವರ್ಷ ಸ್ವೀಡನ್ನಿನಲ್ಲಿ ಫೆಬ್ರುವರಿ 30 ಎಂಬ ದಿನ ನಿಜವಾಗಿಯೂ ಇತ್ತು. ಕೊನೆಗೆ 1753ರಲ್ಲಿ ಒಂದೇ ಏಟಿಗೆ ಬದಲಾದರು.

ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಂತೂ ಒಪ್ಪಲೇ ಇಲ್ಲ. ರಷ್ಯಾದ ಸರ್ಕಾರ ಹೊಸ ತಾರೀಖಿಗೆ ಬಂದದ್ದು 1918ರಲ್ಲಿ. ಅಲ್ಲಿನ ಚರ್ಚ್ ಇಂದಿಗೂ ಹಳೆಯ ಡಿಸೆಂಬರ್ 25ನ್ನು, ಅಂದರೆ ನಮ್ಮ ಜನವರಿ 7ನ್ನು ಕ್ರಿಸ್ಮಸ್ ಎಂದು ಆಚರಿಸುತ್ತದೆ.

‘ನಮ್ಮ ಹನ್ನೊಂದು ದಿನ ಕೊಡಿ’ ಎಂದು ಇಂಗ್ಲೆಂಡಿನಲ್ಲಿ ದಂಗೆ ನಡೆದದ್ದು ನಿಜವೇ?

ಪಠ್ಯಪುಸ್ತಕಗಳಲ್ಲಿ ಬಹುಕಾಲ ಹಾಗೆಂದೇ ಬರೆಯಲಾಗಿತ್ತು, ಆದರೆ ಅಂಥ ದಂಗೆಗೆ ಆಧಾರವಿಲ್ಲ. ಬ್ರಿಟನ್ ಬದಲಾದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಬುಧವಾರದ ಮರುದಿನ 14ರ ಗುರುವಾರ. ಅಷ್ಟರಲ್ಲಿ ವ್ಯತ್ಯಾಸ ಹನ್ನೊಂದು ದಿನವಾಗಿತ್ತು. ದಂಗೆಯ ಕಥೆಯ ಬೇರು ವಿಲಿಯಂ ಹೋಗಾರ್ತ್ 1755ರಲ್ಲಿ ಬರೆದ ಚುನಾವಣಾ ಭೋಜನದ ವಿಡಂಬನ ಚಿತ್ರದಲ್ಲಿದೆ. ಚಿತ್ರದ ಕೆಳಗೆ, ನೆಲದಲ್ಲಿ ಬಿದ್ದಿರುವ ಫಲಕದ ಮೇಲೆ ಈ ಮಾತು ಬರೆದಿದೆ. ಅದು ಚುನಾವಣೆಯಲ್ಲಿ ಒಂದು ಪಕ್ಷ ಇನ್ನೊಂದನ್ನು ಕೆಣಕಲು ಬಳಸಿದ ಘೋಷಣೆ. ನೋಡಿದವರು ಅದನ್ನೇ ದಂಗೆಯೆಂದು ಓದಿಕೊಂಡರು. ಬಾಡಿಗೆ, ಸಾಲದ ಗಡುವು, ಪ್ರಾಯಕ್ಕೆ ಬರುವ ದಿನ ಇವೆಲ್ಲ ಹಳೆಯ ಲೆಕ್ಕದಂತೆ ಪೂರ್ತಿ ದಿನ ಕಳೆದ ಮೇಲೆಯೇ ಬರತಕ್ಕದ್ದೆಂದು ಶಾಸನ ಎಚ್ಚರಿಕೆಯಿಂದ ಬರೆದಿತ್ತು.

ಅದೇ ಶಾಸನ ಇಂಗ್ಲೆಂಡಿನ ಹೊಸ ವರ್ಷವನ್ನು ಮಾರ್ಚ್ 25ರಿಂದ ಜನವರಿ 1ಕ್ಕೆ ತಂದಿತು. ಆದ್ದರಿಂದ ಅದಕ್ಕಿಂತ ಹಿಂದಿನ ಇಂಗ್ಲಿಷ್ ದಾಖಲೆಗಳಲ್ಲಿ ಜನವರಿಯಿಂದ ಮಾರ್ಚ್ 24ರವರೆಗಿನ ದಿನಗಳಿಗೆ ಹಿಂದಿನ ಇಸವಿ ಇರುತ್ತದೆ. ಮೊದಲನೆಯ ಚಾರ್ಲ್ಸ್ ದೊರೆಯ ತಲೆ ಕಡಿದದ್ದು ಅವನ ಕಾಲದವರ ಎಣಿಕೆಯಲ್ಲಿ 1648ರ ಜನವರಿ 30. ನಮ್ಮ ಎಣಿಕೆಯಲ್ಲಿ 1649. ಪುಸ್ತಕಗಳಲ್ಲಿ ‘1648/49’ ಎಂದು ಓರೆಗೆರೆ ಹಾಕಿ ಬರೆಯುವುದು ಇದಕ್ಕೇ.

ಶೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಒಂದೇ ದಿನ ತೀರಿಕೊಂಡರೇ? ಗೆಲಿಲಿಯೊ ತೀರಿದ ವರ್ಷವೇ ನ್ಯೂಟನ್ ಹುಟ್ಟಿದನೇ?

ಎರಡೂ ಕ್ಯಾಲೆಂಡರಿನ ಭ್ರಮೆಗಳು. ಇಬ್ಬರು ಸಾಹಿತಿಗಳ ಹೆಸರಿನ ಮುಂದೆಯೂ 1616ರ ಏಪ್ರಿಲ್ 23 ಎಂದಿದ್ದರೂ, ಸ್ಪೇನ್ ಹೊಸ ಲೆಕ್ಕದಲ್ಲಿತ್ತು, ಇಂಗ್ಲೆಂಡ್ ಹಳೆಯದರಲ್ಲಿತ್ತು. ನಡುವೆ ಹತ್ತು ದಿನಗಳ ಅಂತರವಿದೆ. ಅದೂ ಅಲ್ಲದೆ ಸೆರ್ವಾಂಟಿಸ್ ತೀರಿಕೊಂಡದ್ದು ಬಹುಶಃ 22ರಂದು, 23 ಅವನ ಸಮಾಧಿಯ ದಿನ. ನ್ಯೂಟನ್ ಹುಟ್ಟಿದ 1642ರ ಕ್ರಿಸ್ಮಸ್ ದಿನ ಇಟಲಿಯಲ್ಲಿ 1643ರ ಜನವರಿ 4 ಆಗಿತ್ತು.

ಕರ್ನಾಟಕದ ಇತಿಹಾಸ ಓದುವವರಿಗೆ ಇದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಖಂಡಿತ ಆಗುತ್ತದೆ. ಶಾಸನಗಳಲ್ಲಿ ಸಿಗುವ ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಇಂಗ್ಲಿಷ್ ತಾರೀಖಿಗೆ ಇಳಿಸುವಾಗ 1582ಕ್ಕಿಂತ ಮುಂಚಿನದನ್ನು ಜೂಲಿಯನ್ ಲೆಕ್ಕದಲ್ಲಿ ಕೊಡುವುದು ವಿದ್ವಾಂಸರ ರೂಢಿ. ತಾಳಿಕೋಟೆ ಯುದ್ಧಕ್ಕೆ ಸಾಮಾನ್ಯವಾಗಿ ಕೊಡುವ 1565ರ ಜನವರಿ 23 ಅಂಥ ದಿನ. ಇಂದಿನ ಲೆಕ್ಕಕ್ಕೆ ತಂದರೆ ಅದು ಫೆಬ್ರುವರಿ 2 ಆಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಗೋವೆಯ ಪೋರ್ಚುಗೀಸರು ಹೊಸ ತಾರೀಖು ಹಾಕುತ್ತಿದ್ದರು, ಕಾರವಾರದ ವ್ಯಾಪಾರ ಕೋಠಿಯ ಇಂಗ್ಲಿಷರು ಹಳೆಯದನ್ನು. ಕೂಗಳತೆಯಷ್ಟಲ್ಲದಿದ್ದರೂ ಒಂದೇ ಕರಾವಳಿಯ ಈ ಎರಡು ಊರುಗಳಿಂದ ಒಂದೇ ದಿನ ಹೊರಟ ಪತ್ರಗಳಲ್ಲಿ ಹತ್ತು ದಿನಗಳ ಅಂತರ ಕಾಣುತ್ತದೆ. ಇದನ್ನು ಮರೆತು ಓದಿದರೆ ಉತ್ತರವೇ ಪ್ರಶ್ನೆಗಿಂತ ಮೊದಲು ತಲುಪಿದಂತೆ ತೋರುವುದೂ ಉಂಟು.

ಫ್ರೆಂಚ್ ಕ್ರಾಂತಿಕಾರಿಗಳು ಸರಿಯಾಗಿದ್ದ ಕ್ಯಾಲೆಂಡರನ್ನು ಏಕೆ ಕಿತ್ತೊಗೆದರು?

ಅದು ಸರಿಯಾಗಿಲ್ಲವೆಂದು ಅವರು ಹೇಳಲೇ ಇಲ್ಲ. ಭಾನುವಾರ, ಸಂತರ ಹಬ್ಬ, ಕ್ರಿಸ್ತಶಕ ಇವುಗಳ ಮೂಲಕ ಪ್ರತಿ ಮನೆಯ ಗೋಡೆಯ ಮೇಲೂ ಚರ್ಚ್ ಕೂತಿದೆ ಎಂಬುದು ಅವರ ತಕರಾರಾಗಿತ್ತು. 1793ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ಹೊಸ ಕ್ಯಾಲೆಂಡರ್ ಗಣರಾಜ್ಯ ಆರಂಭವಾದ 1792ರ ಸೆಪ್ಟೆಂಬರ್ 22ನ್ನು ಮೊದಲ ವರ್ಷದ ಮೊದಲ ದಿನವೆಂದು ಎಣಿಸಿತು. ಅಂದು ಶರತ್ಕಾಲದ ವಿಷುವವೂ ಬಿದ್ದಿತ್ತು. ಗಣಿತದ ಮೇಷ್ಟ್ರಾಗಿದ್ದ ಜಿಲ್ಬೆರ್ ರೋಮ್ ಇದರ ಮುಖ್ಯ ಶಿಲ್ಪಿ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಯಲ್ಲಿ ಐದು ಅಥವಾ ಆರು ಹಬ್ಬದ ದಿನ; ವಾರಕ್ಕೆ ಏಳರ ಬದಲು ಹತ್ತು ದಿನ. ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ ಎಂದೂ ಮಾಡಿದ್ದರು, ಆದರೆ ಅಂಥ ಗಡಿಯಾರವನ್ನು ಕೊಳ್ಳುವವರಿಲ್ಲದೆ 1795ರಲ್ಲೇ ಅದನ್ನು ಕೈಬಿಟ್ಟರು.

ಹೆಸರಿಡುವ ಕೆಲಸ ನಟನೂ ಕವಿಯೂ ಆದ ಫಾಬ್ರ್ ದೆಗ್ಲಾಂತೀನನ ಪಾಲಿಗೆ ಬಂತು. ದ್ರಾಕ್ಷಿ ಕೊಯ್ಲಿನ ವಾಂದೆಮಿಯೇರ್, ಮಂಜಿನ ಬ್ರುಮೇರ್, ಹಿಮದ ನಿವೋಸ್, ಮೊಳಕೆಯ ಜೆರ್ಮಿನಾಲ್, ಬಿಸಿಲಿನ ತೆರ್ಮಿದೋರ್: ಒಂದೊಂದು ಋತುವಿನ ಮೂರು ತಿಂಗಳಿಗೂ ಒಂದೊಂದು ಪ್ರಾಸ. ಆರಿದ್ರಾ ಮಳೆ, ಮಘೆ ಮಳೆ ಎಂದು ಬೇಸಾಯದ ದಿನ ಎಣಿಸುವ ನಮ್ಮ ರೈತರಿಗೆ ಇದು ಅಷ್ಟೇನೂ ಹೊಸದಾಗಿ ಕಾಣಲಾರದು. ವರ್ಷದ ಪ್ರತಿ ದಿನದಿಂದ ಸಂತರ ಹೆಸರನ್ನು ತೆಗೆದು ಒಂದು ಗಿಡ, ಖನಿಜ, ಪ್ರಾಣಿ ಅಥವಾ ಬೇಸಾಯದ ಸಲಕರಣೆಯ ಹೆಸರಿಟ್ಟರು. 1793ರ ಡಿಸೆಂಬರ್ 25 ನಿವೋಸ್ ತಿಂಗಳ ಐದನೆಯ ದಿನವಾಗಿತ್ತು, ಅದಕ್ಕೆ ಸಿಕ್ಕಿದ ಹೆಸರು ‘ನಾಯಿ’. ಮೂರು ದಿನ ಬಿಟ್ಟು ‘ಗೊಬ್ಬರ’.

ಟಿಪ್ಪು ಸುಲ್ತಾನ್ ಹೊಸ ಕ್ಯಾಲೆಂಡರ್ ತಂದದ್ದು ಫ್ರೆಂಚರನ್ನು ನೋಡಿಯೇ?

ಅಲ್ಲ, ಅವನದೇ ಮೊದಲು. ಹಿಜರಿಯ ಬದಲು ಅವನು ತಂದ ಮೌಲೂದಿ ಶಕೆ 1787ರ ಸುಮಾರಿನಿಂದಲೇ ನಾಣ್ಯಗಳ ಮೇಲೆ ಕಾಣಿಸುತ್ತದೆ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಂಗಳುಗಳ ವ್ಯವಸ್ಥೆ ನಮ್ಮ ಚಾಂದ್ರಮಾನವನ್ನೇ ಅನುಸರಿಸಿತ್ತು. ಫ್ರೆಂಚರೊಂದಿಗೆ ಅವನ ಸ್ನೇಹವಿದ್ದುದರಿಂದ ಈ ಪ್ರಶ್ನೆ ಏಳುತ್ತದೆ, ಆದರೆ ಇಸವಿಗಳು ಅದನ್ನು ಒಪ್ಪುವುದಿಲ್ಲ.

ಕ್ರಾಂತಿಯ ಕ್ಯಾಲೆಂಡರ್ ಏಕೆ ಉಳಿಯಲಿಲ್ಲ?

ಮೊದಲನೆಯ ಕಾರಣ ಹೊಟ್ಟೆಪಾಡಿನದು, ಆಯಾಸದ್ದು. ಏಳು ದಿನಕ್ಕೊಂದು ಇದ್ದ ಬಿಡುವು ಹತ್ತು ದಿನಕ್ಕೊಂದಾಯಿತು. ಕೂಲಿಯವರಿಗೆ ಇದರಲ್ಲಿ ಸ್ವಾತಂತ್ರ್ಯವೇನೂ ಕಾಣಲಿಲ್ಲ. ಹಳ್ಳಿಗಳಲ್ಲಿ ಹತ್ತನೆಯ ದಿನ ದುಡಿದು ಭಾನುವಾರ ಬಿಡುವು ಮಾಡಿಕೊಳ್ಳುವುದು ನಡೆದೇ ಇತ್ತು. ಗಡಿಯಾಚೆಯ ವ್ಯಾಪಾರಕ್ಕೆ ಪ್ರತಿ ಪತ್ರದಲ್ಲೂ ಎರಡು ತಾರೀಖು ಬರೆಯಬೇಕಾಗಿತ್ತು. ವರ್ಷಾರಂಭವನ್ನು ಪ್ಯಾರಿಸಿನ ವಿಷುವಕ್ಕೆ ಕಟ್ಟಿಹಾಕಿದ್ದರಿಂದ ಅಧಿಕ ವರ್ಷ ಯಾವಾಗ ಬರುತ್ತದೆಂದು ಮುಂಚಿತವಾಗಿ ಹೇಳುವ ಸುಲಭ ಸೂತ್ರವೂ ಇರಲಿಲ್ಲ. ಆ ವಿಷಯದಲ್ಲಿ ಲಿಲಿಯೊನ ನಿಯಮವೇ ಮೇಲು.

ಅದನ್ನು ಕಟ್ಟಿದವರೂ ಉಳಿಯಲಿಲ್ಲ. ಫಾಬ್ರ್ 1794ರ ಏಪ್ರಿಲ್ 5ರಂದು, ತಾನೇ ಹೆಸರಿಟ್ಟ ಜೆರ್ಮಿನಾಲ್ ತಿಂಗಳಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟನು. ಜಿಲ್ಬೆರ್ ರೋಮ್ ಮರುವರ್ಷ ಮರಣದಂಡನೆಯ ತೀರ್ಪು ಕೇಳಿದೊಡನೆ ಇರಿದುಕೊಂಡು ಸತ್ತನು. ನೆಪೋಲಿಯನ್ 1801ರಲ್ಲಿ ಪೋಪರೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಸರ್ಕಾರಿ ನೌಕರರಿಗೆ ಭಾನುವಾರ ಮರಳಿ ಸಿಕ್ಕಿತು, 1805ರ ಸೆಪ್ಟೆಂಬರಿನಲ್ಲಿ ಕ್ಯಾಲೆಂಡರಿನ ರದ್ದತಿಯ ಆಜ್ಞೆಯೂ ಹೊರಟಿತು. ಹದಿನಾಲ್ಕನೆಯ ವರ್ಷ ನೂರು ದಿನ ಮಾತ್ರ ನಡೆದು, ನಿವೋಸ್ ತಿಂಗಳ ಹತ್ತನೆಯ ದಿನ ನಿಂತುಹೋಯಿತು. ಹತ್ತನೆಯ ದಿನಗಳಿಗೆ ಸಲಕರಣೆಯ ಹೆಸರಿಡುವುದು ನಿಯಮವಷ್ಟೆ. ಅಂದಿನ ಹೆಸರು ‘ಕಾಳು ಬಡಿಯುವ ಕೋಲು’. ಮಾರನೆಯ ಬೆಳಿಗ್ಗೆ 1806ರ ಜನವರಿ 1, ಬುಧವಾರ.